ಔಕುಸೊನ ಸುಳ್ಳು ಎಂಬ ತಿರುವು

ಟುಟುವಿಲಾ ದ್ವೀಪ
ಸೋಮವಾರ, 16 ಜೂನ್ 2008

ಪ್ರೀತಿಯ ಔಕುಸೊ,

ನಿನ್ನ ಕಥೆಯನ್ನು ಮೊದಲು ಹೇಳಿದವನು ನಾನು. ನಾಲ್ಕು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಮಂಗಳವಾರ, ನಿಮ್ಮ ಮನೆಯ ಬಸ್ಸಿನ ಬಾನೆಟ್ ಎತ್ತಿ ಹಿಡಿದುಕೊಂಡು ಹೇಳಿದೆ. ಸುತ್ತ ಊರಿನ ಹಿರಿಯರು ನಿಂತಿದ್ದರು. ಚೆನ್ನಾಗಿಯೇ ಹೇಳಿದೆ. ಕಥೆ ಹೇಳುವುದು ನಮ್ಮ ಮನೆತನದಲ್ಲಿ ಬಂದದ್ದು, ನಿನಗೆ ಗೊತ್ತು. ಕೇಳಿದವರೆಲ್ಲ ನಂಬಿದರು. ಆ ಕಥೆ ಸುಳ್ಳು. ಅದು ಸುಳ್ಳೆಂದು ಆವತ್ತು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ನಿನಗೆ ಮತ್ತು ನನಗೆ.

ಈ ಕಾಗದವನ್ನು ಇಲ್ಲಿಗೇ ಹರಿದು ಹಾಕಬೇಕು ಅನ್ನಿಸಿದರೆ ನಿನ್ನನ್ನು ತಪ್ಪು ಅನ್ನಲಾರೆ. ಆದರೆ ಇದನ್ನು ಬುಧವಾರದ ಹಡಗಿನಲ್ಲಿ ತರುತ್ತಿರುವವನು ನನ್ನ ಹೆಂಡತಿ ಸಿಯೆನಿಯ ಅಣ್ಣ. ನೀನು ಕೊನೆಯ ಸಾಲಿನ ತನಕ ಓದುವುದನ್ನು ಎದುರು ಕೂತು ನೋಡಿಕೊಂಡೇ ಬರಬೇಕು ಅಂತ ಅವಳು ಅವನಿಗೆ ಅಪ್ಪಣೆ ಮಾಡಿದ್ದಾಳೆ. ಅವನ ಗಾತ್ರ ನಿನಗೆ ನೆನಪಿರಬೇಕು. ಓದಿಬಿಡುವುದೇ ಕ್ಷೇಮ.

ಫೋನ್ ಮಾಡಬಹುದಿತ್ತು. ಸವಾಯಿ ದ್ವೀಪದಲ್ಲಿ ನಿನ್ನ ಅಜ್ಜಿಯ ಮನೆಯ ನಂಬರು ಎರಡು ವರ್ಷದಿಂದ ನನ್ನ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದೆ. ಒಮ್ಮೆ ಮಾಡಿಯೂ ಮಾಡಿದೆ. ನೀನೇ ಎತ್ತಿಕೊಂಡೆ, ‘ಯಾರದು?’ ಅಂದೆ. ನಾನು ಇಟ್ಟುಬಿಟ್ಟೆ. ಅದು ನಾನು.

ಈಗ ಆ ಮಂಗಳವಾರಕ್ಕೂ ಮುಂಚಿನ ಒಂದು ಶನಿವಾರದಿಂದ ಶುರು ಮಾಡುತ್ತೇನೆ. ಬಸ್ಸಿಗೆ ಎಂಟೂ ಸ್ಪಾರ್ಕ್ ಪ್ಲಗ್ ಹೊಸದು ಹಾಕಬೇಕಿತ್ತು. ನೀನು ಪೇಟೆಗೆ ಕೊನೆಯ ಸುತ್ತು ಹೊಡೆದು, ಘಾಟಿ ಹತ್ತಿ ಇಳಿದು ನನ್ನ ಶೆಡ್ಡಿನ ಮುಂದೆ ತಂದು ನಿಲ್ಲಿಸಿದಾಗ ಎಂಜಿನ್ ಮೇಲೆ ಬಾಳೆಕಾಯಿ ಸುಡಬಹುದಿತ್ತು. ಬಸ್ಸಿನಡಿಯ ಆ ಲಾರಿಯ ಎಂಜಿನ್ನಿನ ಗುಣ ನನಗೆ ತಿಳಿಯದ್ದಲ್ಲ. ಕೆಳಗಿನ ಬ್ಲಾಕ್ ಕಬ್ಬಿಣ, ಮೇಲಿನ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ. ಆ ಮೆತ್ತನೆಯ ಹೆಡ್ಡಿನಲ್ಲಿ ಪ್ಲಗ್ಗನ್ನು ಹಿಡಿದುಕೊಳ್ಳಲು ಇರುವುದು ನಾಲ್ಕೇ ಸುತ್ತು ಥ್ರೆಡ್, ತಿರುಪಿನ ಗೀರು. ಇಷ್ಟು ದೊಡ್ಡ ಲಾರಿಯ ಜೀವ ಆ ನಾಲ್ಕು ಸುತ್ತಿನ ಮೇಲೆ ನೇತಾಡುತ್ತಿರುತ್ತದೆ. ಆದ್ದರಿಂದ ಎಂಜಿನ್ ಪೂರ್ತಿ ತಣ್ಣಗಾಗಬೇಕು. ಥ್ರೆಡ್ಡನ್ನು ಒರೆಸಿ ಒಣಗಿಸಬೇಕು. ಕೊನೆಯ ಬಿಗಿತಕ್ಕೆ ಟಾರ್ಕ್ ರೆಂಚ್ ಹಾಕಬೇಕು. ಬೇಕಾದಷ್ಟು ಬಿಗಿಯಾದ ಕೂಡಲೇ ಅದು ‘ಟಿಕ್’ ಅನ್ನುತ್ತದೆ, ಅನ್ನುತ್ತಲೇ ಕೈ ಬಿಡಬೇಕು. ಇದನ್ನು ನಾನು ಎಷ್ಟು ಜನಕ್ಕೆ ಪಾಠ ಹೇಳಿದ್ದೇನೆ, ನಿನಗೂ ಹೇಳಿದ್ದೇನೆ.

ಆವತ್ತು ಎಂಜಿನ್ ತಣ್ಣಗಾಗಲು ಬಿಡಲಿಲ್ಲ. ಆರನೆಯ ಪ್ಲಗ್ಗಿಗೆ ಬಂದಾಗ ಸಂಜೆ ಪ್ರಾರ್ಥನೆಯ ಮೊದಲ ಗಂಟೆ ಕೇಳಿಸಿತು, ಜೀಗುಜ್ಜೆ ಮರಕ್ಕೆ ನೇತುಹಾಕಿದ ಹಳೆ ಗ್ಯಾಸ್ ಅಂಡೆಗೆ ಸುತ್ತಿಗೆಯ ಪೆಟ್ಟು. ಎರಡನೆಯ ಗಂಟೆಯೊಳಗೆ ಮನೆ ಸೇರದಿದ್ದರೆ ಊರಿನ ಹುಡುಗರು ದಾರಿಯಲ್ಲಿ ಹಿಡಿದು ನಿಲ್ಲಿಸುತ್ತಾರೆ, ದಂಡ ಹಾಕುತ್ತಾರೆ. ಮಾರನೆಯ ದಿನ ಭಾನುವಾರ, ಸ್ಪ್ಯಾನರ್ ಮುಟ್ಟುವ ಹಾಗಿಲ್ಲ. ಸೋಮವಾರ ಬೆಳಗಿನ ಐದು ಗಂಟೆಗೆ ಮೀನಿನ ಕಾರ್ಖಾನೆಯ ಹೆಂಗಸರು ಬಸ್ಸು ಹತ್ತಬೇಕು. ಟಾರ್ಕ್ ರೆಂಚ್ ಹುಡುಕಿ ತೆಗೆಯುವಷ್ಟು ಹೊತ್ತಿರಲಿಲ್ಲ. ಸಲೀಸಾಗಿ ಇಳಿಯಲಿ ಅಂತ ಥ್ರೆಡ್ಡಿಗೆ ತಾಮ್ರದ ಬಣ್ಣದ ಆ ಗ್ರೀಸ್ ಬಳಿದೆ. ಹೊನೊಲುಲುವಿನಿಂದ ತರಿಸುವ ಡಬ್ಬಿ ಅದು, ಘಾಟಿಯ ಈಚೆ ನನ್ನ ಹತ್ತಿರ ಬಿಟ್ಟರೆ ಇನ್ನಾರ ಹತ್ತಿರವೂ ಇಲ್ಲ. ಗ್ರೀಸ್ ಬಳಿದ ಪ್ಲಗ್ ಎಷ್ಟು ಬಿಗಿಯಾಯಿತು ಎನ್ನುವುದು ಕೈಗೆ ತಿಳಿಯುವುದಿಲ್ಲ. ಅದೂ ನನಗೆ ಗೊತ್ತಿತ್ತು.

ಬಲಗಡೆ ಸಾಲಿನ ಕೊನೆಯ ಪ್ಲಗ್ ಕ್ಯಾಬಿನ್ನಿನ ಗೋಡೆಗೆ ಒತ್ತಿಕೊಂಡಿರುತ್ತದಲ್ಲ, ಕಣ್ಣಿಗೆ ಕಾಣದು, ಕೈಯಳತೆಯಲ್ಲೇ ಹಾಕಬೇಕು. ಒಮ್ಮೆ ಗಟ್ಟಿಯಾಯಿತು. ಇನ್ನೊಂದು ಎಳೆತ ಎಳೆದೆ. ಗಟ್ಟಿಯಾಗಿದ್ದದ್ದು ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು, ಬೆಂದ ಕೆಸುವಿನ ಗಡ್ಡೆಗೆ ಚಾಕು ಇಳಿದ ಹಾಗೆ. ನೀನು ಪಕ್ಕದಲ್ಲೇ ನಿಂತು, ‘ಆಯ್ತೇನೋ?’ ಅಂತ ಕೇಳಿದೆ. ‘ಆಯ್ತು’ ಅಂದೆ.

ಸುಳ್ಳು ಹುಟ್ಟಿದ್ದು ಅಲ್ಲಿ. ಸೋಮವಾರ ಬೆಳಿಗ್ಗೆ ಓಡಿಬಂದು ನಿನ್ನನ್ನು ತಡೆಯಬೇಕು ಅಂತ ಎದ್ದೆ. ಅಷ್ಟರಲ್ಲಿ ಬಸ್ಸು ಹೊರಟ ಸದ್ದು ಕೇಳಿಸಿತು, ಎಂಟೂ ಸಿಲಿಂಡರ್ ಒಂದೇ ಉಸಿರಿನಲ್ಲಿ. ಹಿಡಿದುಕೊಂಡಿದೆ, ಸದ್ಯ, ಅಂದುಕೊಂಡು ಮತ್ತೆ ಮಲಗಿದೆ.

ಹಿಡಿದುಕೊಂಡದ್ದು ಮೂರು ವಾರ. ಆ ಮಂಗಳವಾರದ ಸಂಗತಿ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನನಗೆ ಗೊತ್ತಿರುವುದು ಸಿಯೆನಿ ಹೇಳಿದ್ದು. ಅವಳು ಎರಡನೆಯ ಸೀಟಿನಲ್ಲಿದ್ದಳು. ಘಾಟಿಯ ಕೊನೆಯ ತಿರುವಿನಲ್ಲಿ ಬಂದೂಕು ಹಾರಿಸಿದ ಹಾಗೆ ಸದ್ದಾಯಿತಂತೆ. ಪ್ಲಗ್ ಹಾರಿ ಬಾನೆಟ್ಟಿಗೆ ಬಡಿದು, ಆ ತೂತಿನಿಂದ ಗಾಯಗೊಂಡ ಕಾಡುಹಂದಿ ಏದುಸಿರು ಬಿಟ್ಟ ಹಾಗೆ ಚಫ್ ಚಫ್ ಅಂತ ಶುರುವಾಯಿತು. ಬಸ್ಸು ಹಿಂದಕ್ಕೆ ಜಾರಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಕಡಲು. ಇಪ್ಪತ್ತೆರಡು ಹೆಂಗಸರೂ ಒಬ್ಬೊಬ್ಬರಾಗಿ ಇಳಿದು, ಕೊನೆಯವಳು ಚಕ್ರದ ಹಿಂದೆ ಕಲ್ಲು ಇಡುವ ತನಕ ನೀನು ಬ್ರೇಕಿನಿಂದ ಕಾಲು ಎತ್ತಲಿಲ್ಲ. ‘ನಿಧಾನಕ್ಕೆ ಇಳೀರಮ್ಮ, ಮೀನು ಎಲ್ಲೂ ಓಡಿಹೋಗಲ್ಲ, ಅದು ಸತ್ತು ಮೂರು ದಿನ ಆಯ್ತು’ ಅಂದೆಯಂತೆ. ಸಿಯೆನಿ ಈಗಲೂ ಇದನ್ನು ಹೇಳಿ ನಗುತ್ತಾಳೆ.

ಬಸ್ಸನ್ನು ಎಳೆದು ತಂದರು. ನಿನ್ನ ದೊಡ್ಡಪ್ಪ, ನಿಮ್ಮ ಮನೆತನದ ಯಜಮಾನರು, ನನ್ನನ್ನು ಕೇಳಿದರು: ‘ಯಾಕಪ್ಪಾ ಹೀಗಾಯ್ತು?’

ನಾನು ಹೇಳಿದ ಕಥೆ ಇಷ್ಟು: ‘ನಾನು ಹಾಕಿದ ಪ್ಲಗ್ ಹೀಗೆ ಹಾರಲ್ಲ. ನಾನು ಹಾಕಿದ್ದನ್ನ ಯಾರೋ ಬಿಚ್ಚಿದ್ದಾರೆ. ಬಿಚ್ಚಿ, ತಿರುಗಿ ಹಾಕೋವಾಗ ಸರಿಯಾಗಿ ಬಿಗಿ ಮಾಡಿಲ್ಲ.’ ಯಾರೋ ಅಂದೆ. ಹೆಸರು ಹೇಳಲಿಲ್ಲ. ಕಣ್ಣು ಮಾತ್ರ ನಿನ್ನ ಮೇಲಿಟ್ಟೆ.

‘ನಾನು ಮುಟ್ಟೇ ಇಲ್ಲ ದೊಡ್ಡಪ್ಪ’ ಅಂದೆ ನೀನು.

‘ಮುಟ್ಟದೆ ತಾನಾಗೇ ಹಾರ್ತೇನೋ? ಅದೇನು ಹಾರೋ ಮೀನಾ?’ ಅಂದರು ಅವರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಔಕುಸೊ.

ಹೆಡ್ ಸೀಳಿದೆ, ಹೊಸದೇ ಬೇಕು ಅಂತಲೂ ಹೇಳಿದೆ. ಸೀಳಿರಲಿಲ್ಲ. ಥ್ರೆಡ್ ಕಿತ್ತುಹೋದ ತೂತನ್ನು ಕೊರೆದು ಅಗಲ ಮಾಡಿ, ಒಳಗೆ ಉಕ್ಕಿನ ಬಳೆ ಕೂರಿಸಿದ್ದರೆ ಎರಡು ದಿನದಲ್ಲಿ ಬಸ್ಸು ಓಡುತ್ತಿತ್ತು, ಮೊದಲಿಗಿಂತ ಗಟ್ಟಿಯಾಗಿ. ಆದರೆ ಆ ಹೆಡ್ ಬಸ್ಸಿನಲ್ಲಿ ಇದ್ದಷ್ಟು ದಿನ ತಿಳಿದವರು ಯಾರಾದರೂ ಬಂದು ಇಣುಕಬಹುದಿತ್ತು. ಹೊಸ ಹೆಡ್ ಹಡಗಿನಲ್ಲಿ ಬರಲು ನಾಲ್ಕು ತಿಂಗಳಾಯಿತು. ಅಷ್ಟು ದಿನವೂ ಹೆಂಗಸರು ಚಪ್ಪಲಿ ಕೈಯಲ್ಲಿ ಹಿಡಿದು ಘಾಟಿಯನ್ನು ನಡೆದೇ ದಾಟಿದರು. ದಾಟುವಾಗಲೆಲ್ಲ ನಿನ್ನನ್ನು ಬೈದರು. ಬಸ್ಸಿನ ಕೀಲಿಯನ್ನು ದೊಡ್ಡಪ್ಪ ನಿನ್ನ ಕೈಯಿಂದ ತೆಗೆದುಕೊಂಡರು. ನಿನ್ನಪ್ಪ ಆ ಲಾರಿಯ ಬೆನ್ನ ಮೇಲೆ ಹಲಗೆಗೆ ಹಲಗೆ ಜೋಡಿಸಿ ಕಟ್ಟಿದ ಮರದ ಬಸ್ಸು ಅದು. ತಾನೇ ನೀಲಿ ಬಣ್ಣ ಬಳಿದು, ಬದಿಗೆ ಬಿಳಿ ನಕ್ಷತ್ರ ಬರೆದದ್ದು. ನೀನು ಆ ನಕ್ಷತ್ರದ ಮೇಲೆ ಒಮ್ಮೆ ಕೈಯಾಡಿಸಿ ಹಡಗು ಹತ್ತಿದೆ. ನಾನು ಶೆಡ್ಡಿನೊಳಗಿಂದ ನೋಡಿದೆ.

ಹಳೆಯ ಹೆಡ್ಡನ್ನು ಹವಳದ ದಿಬ್ಬದಾಚೆ ಮುಳುಗಿಸಿದೆ ಅಂತ ಊರಿಗೆ ಹೇಳಿದೆ. ಎರಡು ಸಲ ದೋಣಿಯ ತನಕ ಹೊತ್ತೊಯ್ದದ್ದು ನಿಜ. ಎರಡು ಸಲವೂ ವಾಪಸು ತಂದೆ. ಯಾಕೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ. ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಮುಚ್ಚಿ ಇಟ್ಟೆ. ಸಿಯೆನಿಯ ಕೆಂಪು ಕೋಳಿ ಅದರ ಮೇಲೆ ನಾಲ್ಕು ವರ್ಷ ಮೊಟ್ಟೆ ಇಟ್ಟಿದೆ.

ಇನ್ನೊಂದು ಸಂಗತಿ ನಿನಗೆ ಗೊತ್ತೋ ಇಲ್ಲವೋ. ನೀನು ಹೋದ ಮೇಲೆ ಆ ತಿರುವಿಗೆ ಹೆಸರು ಬಂತು. ‘ಔಕುಸೊನ ಸುಳ್ಳು.’ ಬಸ್ಸು ಅಲ್ಲಿಗೆ ಬಂದ ಕೂಡಲೇ ಹೆಂಗಸರು, ‘ಔಕುಸೊನ ಸುಳ್ಳು ಬಂತು, ಹಿಡ್ಕೊಳ್ರೇ!’ ಅಂತ ಕೂಗಿ ಒಬ್ಬರ ಮೇಲೊಬ್ಬರು ವಾಲುತ್ತಾರೆ. ದಿನಕ್ಕೆ ಎರಡು ಸಲ. ನಿನ್ನ ಮುಖವನ್ನೇ ನೋಡದ ಮಕ್ಕಳೂ ಅದನ್ನು ಬಸ್ ಸ್ಟಾಪಿನ ಹೆಸರಿನ ಹಾಗೆ ಹೇಳುತ್ತವೆ. ನಾನು ಆ ಬಸ್ಸು ಹತ್ತುವುದನ್ನೇ ಬಿಟ್ಟೆ.

ಇಷ್ಟಾದರೂ ನಿನ್ನಮ್ಮ ಪ್ರತಿ ಭಾನುವಾರ ನನಗೆ ಊಟ ಕಳಿಸಿದರು. ಅದನ್ನು ಬರೆಯುವುದು ಉಳಿದೆಲ್ಲಕ್ಕಿಂತ ಕಷ್ಟ. ‘ಬಸ್ಸು ರಿಪೇರಿ ಮಾಡಿಕೊಟ್ಟವನು’ ಅಂತ, ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬೇಯಿಸಿ ಕಲ್ಲೊಲೆಯಿಂದ ಆಗಷ್ಟೇ ತೆಗೆದ ಪಾಲುಸಾಮಿ, ಸುಟ್ಟ ಜೀಗುಜ್ಜೆ, ಬಾಳೆಯೆಲೆ ಮುಚ್ಚಿದ ತಟ್ಟೆ. ತೆಂಗಿನ ಹಾಲಿನ ವಾಸನೆ ಬಾಗಿಲಿಗೆ ಬಂದರೆ ಭಾನುವಾರ ಅಂತ ಗೊತ್ತಾಗುತ್ತಿತ್ತು. ತಿಂದೆ. ಪ್ರತಿ ವಾರವೂ ತಿಂದೆ. ತಟ್ಟೆ ತೊಳೆದು ವಾಪಸು ಕಳಿಸಿದೆ.

ಕಳೆದ ಗುರುವಾರ ಮಧ್ಯಾಹ್ನ ಅಮ್ಮ ತಾವೇ ಶೆಡ್ಡಿಗೆ ಬಂದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಿಸ್ಕತ್ತಿನ ಡಬ್ಬಿ, ಸೂಜಿ ದಾರ ಇಡುವುದು.

‘ಮಗಾ, ಕಣ್ಣಿಗೆ ಪೊರೆ ಬಂದಿದೆ. ಮುಂದಿನ ತಿಂಗಳು ಆಸ್ಪತ್ರೇಲಿ ತೆಗೀತಾರಂತೆ. ವಯಸ್ಸಾಯ್ತು, ಆಸ್ಪತ್ರೆಗೆ ಹೋದೋರೆಲ್ಲ ವಾಪಸು ಬರ್ತಾರೆ ಅಂತೇನಿಲ್ಲ. ಅದಕ್ಕೇ ಒಂದು ಸಾಮಾನು ತೋರಿಸ್ಬೇಕಿತ್ತು.’

ದಾರದುಂಡೆಗಳ ಕೆಳಗಿನಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಪ್ಲಗ್ಗು. ಆ ಪ್ಲಗ್ಗು. ಆವತ್ತು ಬಾನೆಟ್ಟಿನೊಳಗಿಂದ ನೀನು ಎತ್ತಿಟ್ಟುಕೊಂಡದ್ದು ನನಗೆ ಗೊತ್ತೇ ಇರಲಿಲ್ಲ.

‘ಹಡಗು ಹತ್ತೋ ದಿನ ಕೊಟ್ಟು ಹೋದ. ಇಟ್ಟಿರಮ್ಮ, ಗೊತ್ತಿರೋರು ಯಾರಾದ್ರೂ ಒಂದಿನ ನೋಡ್ಲಿ, ಅಂದ. ಊರಲ್ಲಿ ಗೊತ್ತಿರೋನು ಅಂದ್ರೆ ನೀನೇ ತಾನೇ? ಇದರ ಮೈಗೆ ಬೆಳ್ಳಿ ತಂತಿ ಸುತ್ತಿದ ಹಾಗಿದೆ. ಏನಂತದೆ ಇದು, ನೋಡಿ ಹೇಳು.’

ಉಕ್ಕಿನ ಪ್ಲಗ್ಗಿಗೆ ಅಲ್ಯೂಮಿನಿಯಂ ಥ್ರೆಡ್ ನಾಲ್ಕು ಸುತ್ತೂ ಹಾಗೇ ಸುತ್ತಿಕೊಂಡು ಕಿತ್ತುಬಂದಿತ್ತು. ಉಗುರಿನಿಂದ ಆ ಬೆಳ್ಳಿಯ ಸುತ್ತನ್ನು ಸ್ವಲ್ಪ ಎಬ್ಬಿಸಿದೆ. ಕೆಳಗೆ ತಾಮ್ರದ ಬಣ್ಣದ ಗ್ರೀಸ್, ಒಣಗಿ ಹುಡಿಯಾಗಿದ್ದರೂ ಬಣ್ಣ ಹೋಗಿರಲಿಲ್ಲ. ಅದನ್ನು ಕೊನೆಗೆ ಹಾಕಿದ ಕೈ ಯಾವುದು ಅಂತ ಅಷ್ಟರಿಂದಲೇ ತಿಳಿಯುತ್ತದೆ. ನೀನಾಗಲಿ ಇನ್ನೊಬ್ಬರಾಗಲಿ ಅದನ್ನು ಬಿಚ್ಚಿರಲಿಲ್ಲ.

ಏನು ಬೇಕಾದರೂ ಹೇಳಬಹುದಿತ್ತು. ಅಮ್ಮನಿಗೆ ಕಣ್ಣು ಕಾಣುವುದಿಲ್ಲ. ‘ಅಮ್ಮ, ನಾಳೆ ಹೇಳ್ತೀನಿ’ ಅಂದೆ.

‘ನಾಳೇನಾ? ಆಗ್ಲಿ. ಇದೇನು ಕೆಡೋ ಮೀನಲ್ಲ, ನಾಲ್ಕು ವರ್ಷ ಡಬ್ಬೀಲಿ ಕಾದಿದೆ’ ಅಂದು, ಪ್ಲಗ್ಗನ್ನು ನನ್ನ ಕೈಯಲ್ಲೇ ಬಿಟ್ಟು, ಖಾಲಿ ಬಟ್ಟೆಯನ್ನು ಮಾತ್ರ ಮಡಚಿಕೊಂಡು ಹೋದರು.

ಆ ಸಂಜೆ ಪ್ರಾರ್ಥನೆ ಮುಗಿಸಿ ಎದ್ದಾಗ ಮನೆಯಲ್ಲಿ ಎಲ್ಲರೂ ಇದ್ದರು. ಸಿಯೆನಿ, ಮಕ್ಕಳು, ನನ್ನ ಇಬ್ಬರು ತಮ್ಮಂದಿರು, ಅವರ ಹೆಂಡಿರು, ಮತ್ತು ನಮ್ಮ ಮನೆಯ ಯಜಮಾನ ಫಿಲೆಮು ಚಿಕ್ಕಪ್ಪ. ಮಕ್ಕಳು ಕಥೆ ಕೇಳಿದವು. ನಮ್ಮ ಮನೆಯ ನಿಯಮ ನಿನಗೆ ಗೊತ್ತು, ಕೇಳುವವರು ಹೂಂಗುಟ್ಟುತ್ತಲೇ ಇರಬೇಕು, ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ.

ಒಂದು ಊರಿನಲ್ಲಿ ಒಬ್ಬ ದೋಣಿ ಕಟ್ಟುವವನಿದ್ದ, ಅವನಿಗೊಬ್ಬ ಗೆಳೆಯನಿದ್ದ, ಅಂತ ಶುರು ಮಾಡಿದೆ. ಹೂಂ ಅಂದರು. ಗೆಳೆಯನ ದೋಣಿಗೆ ಹಗ್ಗ ಬಿಗಿಯುವ ಕೆಲಸ ಬಂತು. ಹೂಂ. ದೋಣಿ ಕಟ್ಟುವವನು ಅವಸರದಲ್ಲಿ ಎಷ್ಟು ಬಿಗಿದನೆಂದರೆ ಹಗ್ಗದ ಎಳೆ ಒಳಗೊಳಗೇ ಹರಿಯಿತು. ಹರಿದದ್ದು ಅವನ ಕೈಗೆ ತಿಳಿಯಿತು. ಆದರೂ ಬಾಯಲ್ಲಿ ‘ಆಯ್ತು’ ಅಂದ. ಇಲ್ಲಿ ಸಿಯೆನಿಯ ಹೂಂ ನಿಂತಿತು. ಮಕ್ಕಳದು ನಡೆದೇ ಇತ್ತು. ದೋಣಿ ಸಮುದ್ರದ ನಡುವೆ ಬಿಚ್ಚಿಕೊಂಡಿತು, ಗೆಳೆಯ ಅದರಲ್ಲಿದ್ದವರನ್ನೆಲ್ಲ ಹೇಗೋ ದಡ ಸೇರಿಸಿದ. ದಡದಲ್ಲಿ ದೋಣಿ ಕಟ್ಟುವವನು ನಿಂತು, ಹಗ್ಗ ಬಿಚ್ಚಿದ್ದು ಇವನೇ, ಅಂದ.

ಈಗ ಮಕ್ಕಳ ಹೂಂ ಕೂಡ ನಿಂತಿತ್ತು. ಫಿಲೆಮು ಚಿಕ್ಕಪ್ಪ ಒಬ್ಬರೇ ಕೇಳ್ತಾ ಇದೀನಿ ಅನ್ನುವ ಹಾಗೆ ಕೆಮ್ಮಿದರು.

‘ಆ ದೋಣಿ ಯಾವ ಬಣ್ಣದ್ದೋ?’ ಅಂತ ಕೇಳಿದರು.

‘ನೀಲಿ’ ಅಂದೆ. ‘ಬದಿಗೆ ಬಿಳಿ ನಕ್ಷತ್ರ.’

ಸಿಯೆನಿ ಎದ್ದು ಒಳಗೆ ಹೋದಳು. ನನ್ನ ದೊಡ್ಡ ಮಗಳು ಮಾತ್ರ, ‘ಆಮೇಲೆ ಆ ಗೆಳೆಯ ಏನಾದ, ಅಪ್ಪ?’ ಅಂದಳು. ಗೊತ್ತಿಲ್ಲ ಮಗಳೇ, ಅಂದೆ.

ಮಾರನೆಯ ದಿನ ನಸುಕಿಗೆ ಒಬ್ಬನೇ ಹೋಗುವುದೆಂದು ಎದ್ದೆ. ಗೋಣಿಚೀಲ ಸರಿಸಿ, ಕೋಳಿ ಓಡಿಸಿ, ಹೆಡ್ಡನ್ನು ಹೆಗಲಿಗೆ ಹಾಕಿಕೊಂಡು ಹೊರಬಂದರೆ ಅಂಗಳದಲ್ಲಿ ಅಷ್ಟೂ ಜನ ನಿಂತಿದ್ದಾರೆ. ಸಿಯೆನಿಯ ಕೈಯಲ್ಲಿ ಅವಳ ಅಜ್ಜಿ ಮೂರು ವರ್ಷ ಕೂತು ಹೆಣೆದ ನವಿರಾದ ಚಾಪೆ. ನಮ್ಮ ಮದುವೆಗೆ ಬಂದದ್ದು, ಆವತ್ತಿನಿಂದ ಹಾಸಿಗೆಯಡಿ ಇದ್ದದ್ದು, ಮನೆಯಲ್ಲಿ ಅದಕ್ಕಿಂತ ಬೆಲೆಯುಳ್ಳ ವಸ್ತು ಇಲ್ಲ.

‘ಒಂದು ಸ್ಪಾರ್ಕ್ ಪ್ಲಗ್ಗಿಗೆ ಚಾಪೆ ಹೊದ್ದು ಕ್ಷಮೆ ಕೇಳ್ತಾ ಕೂರೋದಾ? ಚಾಪೆ ಹೊದೆಯೋದು ಕೊಲೆ ಮಾಡಿದಾಗ’ ಅಂದೆ, ನಾಚಿಕೆಯಿಂದ.

‘ಪ್ಲಗ್ಗಿಗಲ್ಲ’ ಅಂದಳು ಸಿಯೆನಿ. ನನ್ನ ಮುಖ ನೋಡಲಿಲ್ಲ.

‘ನಾನೊಬ್ನೇ ಹೋಗ್ತೀನಿ ಚಿಕ್ಕಪ್ಪ, ತಪ್ಪು ನನ್ನದು.’

‘ಒಬ್ನೇ ಹೋಗೋಕೆ ಅದೇನು ಅಂಗಡಿಯಿಂದ ಉಪ್ಪು ತರೋ ಕೆಲ್ಸಾನಾ?’ ಅಂದರು ಫಿಲೆಮು. ‘ನಡೀ ಮುಂದೆ. ಮಂಡಿ ನೋವು ಶುರುವಾಗೋದ್ರೊಳಗೆ ಕೂತ್ಕೊಂಡ್ಬಿಡೋಣ.’

ನಿನ್ನಮ್ಮನ ಮನೆಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಹನ್ನೊಂದು ಜನ ತಲೆ ತಗ್ಗಿಸಿ ಕೂತೆವು. ನನ್ನ ತಲೆಯ ಮೇಲೆ ಚಾಪೆ ಹೊದೆಸಿದರು. ಮುಂದೆ ಹೆಡ್ಡು, ಅದರ ಪಕ್ಕ ಪ್ಲಗ್ಗು. ಮನೆಯವರು ಬಂದು ಚಾಪೆ ತೆಗೆದರೆ ಕ್ಷಮೆ. ತೆಗೆಯದಿದ್ದರೆ ಬಿಸಿಲಾಗಲಿ ಮಳೆಯಾಗಲಿ ಕೂತಿರಬೇಕು. ಬಾಗಿಲು ತೆರೆದ ಸದ್ದು ಕೇಳಿಸಿತು. ಹೆಜ್ಜೆ ಹತ್ತಿರ ಬಂತು. ಆಮೇಲೆ, ದೇವರಾಣೆಗೂ, ಪೊರಕೆಯ ಸದ್ದು. ಅಮ್ಮ ನಮ್ಮ ಸುತ್ತ ಅಂಗಳ ಗುಡಿಸತೊಡಗಿದರು. ‘ಕಾಲು ಎತ್ತು’ ಅಂತ ಫಿಲೆಮು ಚಿಕ್ಕಪ್ಪನಿಗೆ ಗದರಿದರು, ಅವರು ಎತ್ತಿದರು. ಪೂರ್ತಿ ಅಂಗಳ ಗುಡಿಸಿ, ಎಲೆಯ ರಾಶಿಗೆ ಬೆಂಕಿ ಹಾಕಿ, ಕೊನೆಗೆ ನನ್ನ ಮುಂದೆ ಬಂದು ನಿಂತರು. ಚಾಪೆಯ ಹೆಣಿಗೆಯ ಸಂದಿಯಿಂದ ಅವರ ಬರಿಗಾಲು ಕಾಣುತ್ತಿತ್ತು.

‘ನಾಳೆ ಹೇಳ್ತೀನಿ ಅಂದಿದ್ದೆ. ಏನಂತದೆ ಪ್ಲಗ್ಗು?’

ಚಾಪೆಯೊಳಗಿಂದಲೇ ಹೇಳಿದೆ. ಬಿಸಿ ಎಂಜಿನ್ನು, ಗಂಟೆ, ಗ್ರೀಸು, ಮೆತ್ತಗಾದದ್ದು, ‘ಆಯ್ತು’ ಅಂದದ್ದು, ಬಾನೆಟ್ ಹಿಡಿದು ಹೇಳಿದ ಕಥೆ, ಮುಳುಗಿಸದ ಹೆಡ್ಡು. ಎಲ್ಲ ಹೇಳಿ ಮುಗಿಸುವಾಗ ಬಿಸಿಲು ಚರ್ಚಿನ ಸೂರು ದಾಟಿತ್ತು. ಆಮೇಲೆ ಚಾಪೆ ನನ್ನ ತಲೆಯಿಂದ ಎದ್ದಿತು. ನಾನು ಕಾಲು ಹಿಡಿಯಲು ಬಗ್ಗಿದೆ. ಅವರು ಹಿಂದೆ ಸರಿದರು.

‘ಇದು ಬಿಸಿಲಿಗೆ ತೆಗೆದದ್ದು ಮಗಾ, ತಪ್ಪಿಗಲ್ಲ. ತಪ್ಪಿನ ಚಾಪೆ ತೆಗೆಯೋನು ಸವಾಯಿಯಲ್ಲಿ ಇದಾನೆ.’

ಚಾಪೆಯನ್ನು ನಾಲ್ಕಾಗಿ ಮಡಚಿ ಒಳಗೆ ಒಯ್ದು ತಮ್ಮ ಹಾಸಿಗೆಯಡಿ ಇಟ್ಟರು. ಅಲ್ಲಿಯೇ ಇದೆ. ವಾಪಸು ಬಂದು ಎಲ್ಲರಿಗೂ ಬಿಸಿ ಕೋಕೋ ಕೊಟ್ಟರು, ನನಗೂ. ‘ಇನ್ಮೇಲೆ ಭಾನುವಾರ ನಿನಗೆ ತಟ್ಟೆ ಕಳಿಸಲ್ಲ. ಇಲ್ಲೇ ಬಂದು ತಿನ್ನು. ನೀನು ತಿನ್ನೋದನ್ನ ನಾನು ನೋಡ್ಬೇಕು’ ಅಂದರು.

ನಿನ್ನೆ ಹೋಗಿ ತಿಂದೆ. ಎದುರು ಕೂತು, ಕಾಣದ ಕಣ್ಣಿನಿಂದ ನೋಡುತ್ತಲೇ ಇದ್ದರು.

ಅದಕ್ಕೂ ಮೊದಲು, ಬೆಳಿಗ್ಗೆ ಚರ್ಚು ಬಿಟ್ಟಾಗ ಮೆಟ್ಟಿಲ ಮೇಲೆ ಹೆಡ್ಡನ್ನು ಇಟ್ಟು, ನಿನ್ನ ದೊಡ್ಡಪ್ಪನ ಮುಂದೆ, ಊರಿನ ಮುಂದೆ, ಕಥೆಯನ್ನು ಎರಡನೆಯ ಸಲ ಹೇಳಿದೆ. ಈ ಸಲ ದೋಣಿ ಅನ್ನಲಿಲ್ಲ. ಪ್ಲಗ್ಗು ಕೈಯಿಂದ ಕೈಗೆ ಹೋಯಿತು. ಆವತ್ತು ಘಾಟಿ ನಡೆದ ಹೆಂಗಸರು ಒಬ್ಬೊಬ್ಬರೂ ಆ ಬೆಳ್ಳಿ ಸುತ್ತಿನ ಮೇಲೆ ಬೆರಳಾಡಿಸಿ ನೋಡಿದರು. ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನಿನ್ನ ದೊಡ್ಡಪ್ಪ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. ಜೇಬಿನಿಂದ ಬಸ್ಸಿನ ಕೀಲಿ ತೆಗೆದು ನಿನ್ನಮ್ಮನ ಮಡಿಲಿಗೆ ಹಾಕಿದರು. ‘ಅವನು ಬರೋ ತನಕ ನನ್ನ ಮಗ ಓಡಿಸ್ಲಿ. ದಿನಾ ಬೆಳಿಗ್ಗೆ ನಿಮ್ಮ ಹತ್ರ ಬಂದು ಕೇಳಿ ತಗೊಂಡು ಹೋಗ್ಲಿ’ ಅಂದರು.

ಈಗ ಇವತ್ತಿನ ಬೆಳಿಗ್ಗೆಯದು. ಕೇಳಿದವರು ಏನು ಮಾಡಿದರು ಅನ್ನುವುದನ್ನು ಹೇಳದೆ ಕಥೆ ಮುಗಿಸಬಾರದು ಅಂತ ನಮ್ಮಜ್ಜ ಹೇಳುತ್ತಿದ್ದ.

ಐದು ಗಂಟೆಗೆ ಸಿಯೆನಿಯ ಜೊತೆ ನಾನೂ ಬಸ್ಸು ಹತ್ತಿದೆ, ನಾಲ್ಕು ವರ್ಷದ ಮೇಲೆ. ನಡುವಿನ ಸೀಟಿನಲ್ಲಿ ಸ್ವಲ್ಪ ಜಾಗ ಮಾಡಿದರು, ಅಷ್ಟೇ. ಘಾಟಿ ಹತ್ತಿತು. ಕೊನೆಯ ತಿರುವು ಬಂತು. ನಾನು ಕಣ್ಣು ಮುಚ್ಚಿದೆ. ಯಾರೂ ಕೂಗಲಿಲ್ಲ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಒಂದು ದನಿ, ಎಲ್ಲರಿಗಿಂತ ಹಿರಿಯಳದು, ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೀನು ಕೊಯ್ದವಳದು:

‘ಪೆಸಮಿನೊನ ಸುಳ್ಳು ಬಂತು, ಹಿಡ್ಕೊಳ್ರೇ!’

ಬಸ್ಸಿಗೆ ಬಸ್ಸೇ ಕೂಗಿತು. ಸಿಯೆನಿಯ ದನಿ ಎಲ್ಲರಿಗಿಂತ ದೊಡ್ಡದಾಗಿತ್ತು. ಇಪ್ಪತ್ತು ಹೆಂಗಸರೂ ನನ್ನ ಮೇಲೇ ವಾಲಿದರು. ನಾನು ನಿನ್ನಪ್ಪ ಜೋಡಿಸಿದ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸಂಜೆ ವಾಪಸು ಬರುವಾಗಲೂ ಹಾಗೇ ಕೂಗಿದರು. ನಾಳೆಯೂ ಕೂಗುತ್ತಾರೆ. ಅಲ್ಲಿ ಇನ್ನು ನಿನ್ನ ಹೆಸರಿಲ್ಲ, ಔಕುಸೊ.

‘ಗೆಳೆಯ’ ಅಂತ ಬರೆಯಲು ನಿನ್ನ ಅಪ್ಪಣೆ ಬೇಕು. ಅದು ಸಿಗುವ ತನಕ ಬರೀ,

ಪೆಸಮಿನೊ

ತಾ.ಕ.: ಸಿಯೆನಿ ಓದಿ, ಮಡಚಿ, ಲಕೋಟೆ ಅಂಟಿಸಿ ಒಳಗೆ ಹೋದಳು. ನಾನು ಆವಿ ಹಿಡಿದು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಚಾಪೆಯೊಳಗೂ ಚರ್ಚಿನ ಮೆಟ್ಟಿಲ ಮೇಲೂ ಗಂಟೆಯ ಅವಸರ ಅಂದೆ, ಮೇಲೆ ನಿನಗೂ ಹಾಗೇ ಬರೆದೆ. ಆ ಶನಿವಾರ ಮೊದಲ ಗಂಟೆ ಹೊಡೆದದ್ದು ನಾನು ಕೆಲಸ ಮುಗಿಸಿ ಕೈ ತೊಳೆದ ಮೇಲೆ. ನಿನಗೆ ಅದು ನೆನಪಿದ್ದರೂ ಇರಬಹುದು. ಹುಡುಕುವಷ್ಟು ಹೊತ್ತಿರಲಿಲ್ಲ ಅಂದೆನಲ್ಲ, ಟಾರ್ಕ್ ರೆಂಚ್ ನನ್ನ ತಲೆಯ ಹಿಂದೆ ಅದರ ಮೊಳೆಯಲ್ಲೇ ನೇತಾಡುತ್ತಿತ್ತು. ಅದರ ಹಿಂದಿನ ವಾರ ಕಿಲಿಕಿಟಿ ಆಟದ ಮೈದಾನದಲ್ಲಿ ನೀನು ಎಲ್ಲರೆದುರು ಅಂದಿದ್ದೆ: ‘ಇವನು ಪ್ಲಗ್ ಹಾಕೋದು ನೋಡಿದೀರಾ? ಟಿಕ್ ಅಂದ್ರೆ ಸಾಕು, ಬೆಚ್ಚಿ ಕೈ ಬಿಡ್ತಾನೆ. ನಮ್ಮಜ್ಜಿ ತೆಂಗಿನ ಹಾಲು ಇದಕ್ಕಿಂತ ಗಟ್ಟಿಯಾಗಿ ಹಿಂಡ್ತಾಳೆ.’ ಸಿಯೆನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ನಿನಗೆ ಖಂಡಿತ ನೆನಪಿರಲಿಕ್ಕಿಲ್ಲ, ತಮಾಷೆಯ ಮಾತು. ಆ ಶನಿವಾರ ನೀನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ, ಅದಕ್ಕೇ ನಾನು ರೆಂಚ್ ಮುಟ್ಟಲಿಲ್ಲ. ಇಷ್ಟೇ ಇಷ್ಟು ಕಾರಣ, ಔಕುಸೊ. ಇದನ್ನು ಊರಿಗೆ ಹೇಳಲು ನನ್ನಿಂದ ಆಗಲಿಲ್ಲ. ಸಿಯೆನಿಯ ಅಣ್ಣನ ಕೈಯಲ್ಲಿ ಉದ್ದನೆಯ ಒಂದು ಗಂಟು ಇದೆಯಲ್ಲ, ಅದರಲ್ಲಿರುವುದು ಆ ರೆಂಚು. ಮೊಳೆ ಇಲ್ಲಿ ಖಾಲಿ ಇದೆ. ನೀನೇ ತಂದು ತೂಗುಹಾಕು.